ಹಿಮದ ಬಂಡಿಯ ಕೆಟ್ಟ ಹೆಸರು ಯಾರ ತಲೆಗೆ?

ಹಿಮವನ್ನೇ ಕಾಣದ ನಮ್ಮ ಗಿರಣಿ ಕಾರ್ಮಿಕನಿಗೂ ಚಿಲ್ಲರೆ ಅಂಗಡಿಯವನಿಗೂ ಅಮೆರಿಕದ ಸ್ನೋಮೊಬೈಲಿನ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಸಂಬಳದ ದಿನ ಒಬ್ಬ ಕುಡಿದು ಬಿದ್ದರೆ ‘ಗಿರಣಿಯವರೆಲ್ಲ ಹೀಗೇ’ ಎಂದು ಆಡಿಕೊಳ್ಳುವುದನ್ನು ಕೇಳಿ ಹಲ್ಲು ಕಚ್ಚಿಕೊಂಡವರಿಗೆ ಈ ಸಂಗತಿ ತಾನಾಗಿ ಅರ್ಥವಾದೀತು. ಮಿನ್ನೆಸೋಟ, ವಿಸ್ಕಾನ್ಸಿನ್ ಸೀಮೆಯಲ್ಲಿ ಹಿಮದ ಬಂಡಿಯವರೆಂದರೆ ಬೀರು ಕುಡಿದು ನಡುರಾತ್ರಿ ಊರಿನ ನಿದ್ದೆ ಕೆಡಿಸುವ ಜನ ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಆ ಮಾತು ಸುಳ್ಳೆಂದು ವಾದಿಸಲು ನಾವು ಹೊರಟಿಲ್ಲ. ಅದರಲ್ಲಿ ನಿಜವಿದೆ. ಆ ನಿಜದಲ್ಲಿ ಯಾರ ಪಾಲು ಎಷ್ಟು ಎಂಬುದೇ ನಮ್ಮ ಪ್ರಶ್ನೆ.

ಮುಂದೆ ಎರಡು ಜಾರುಹಲಗೆ, ಹಿಂದೆ ಗಿರಣಿಯ ಬೆಲ್ಟಿನಂತೆ ಸುತ್ತುವ ರಬ್ಬರು ಪಟ್ಟಿ: ಇಷ್ಟೇ ಈ ಬಂಡಿ. ಇದು ಹುಟ್ಟಿದ್ದು ಮೋಜಿಗಾಗಿ ಅಲ್ಲ. ಕೆನಡದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ, ಹಿಮ ದಾರಿ ಕಟ್ಟಿದ್ದರಿಂದ ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಒಯ್ಯಲಾರದೆ ಕಳೆದುಕೊಂಡ. 1937ರಲ್ಲಿ ಅವನ ಹಿಮವಾಹನಕ್ಕೆ ಪೇಟೆಂಟ್ ಸಿಕ್ಕಿತು. ವೈದ್ಯರೂ ಶಾಲೆಯ ಮಕ್ಕಳೂ ಅದನ್ನೇರಿ ಓಡಾಡಿದರು. ಒಬ್ಬಿಬ್ಬರು ಕೂರುವ ಚಿಕ್ಕ ‘ಸ್ಕೀ-ಡೂ’ ಬಂದದ್ದು 1959ರಲ್ಲಿ. ಉತ್ತರದ ಇನೂಯಿಟ್ ಬೇಟೆಗಾರನಿಗೂ ಹಿಮಸಾರಂಗ ಮೇಯಿಸುವ ಸಾಮಿ ಜನಕ್ಕೂ ಅದು ಇಂದಿಗೂ ದುಡಿಮೆಯ ಸಾಧನ, ನಮ್ಮವರಿಗೆ ಎತ್ತಿನ ಗಾಡಿ ಇದ್ದಂತೆ. ಇಂಥ ಬಂಡಿಗೆ ‘ಆಟದ ಸಾಮಾನು’ ಎಂದು ಹೆಸರಿಟ್ಟು ಮಾರತೊಡಗಿದ ಮೇಲೆ ಅನರ್ಥ ಮೊದಲಾಯಿತು.

ಇನ್ನೂರು ಕಿಲೋಗಿಂತ ಹೆಚ್ಚು ತೂಕದ, ಗಂಟೆಗೆ ನೂರು ಮೈಲಿ ಮುಟ್ಟಬಲ್ಲ ಯಂತ್ರ ಆಟದ ಸಾಮಾನೇ? ಮಿನ್ನೆಸೋಟದ ಕಾನೂನು ಗಂಟೆಗೆ 50 ಮೈಲಿಯ ಮಿತಿಯನ್ನೇನೋ ಹಾಕಿದೆ. ಕುಡಿದು ಓಡಿಸುವುದೂ ಅಲ್ಲಿ ಅಪರಾಧವೇ. ಆದರೆ ಕುಡಿದು ಕಾರು ಓಡಿಸಿ ಲೈಸೆನ್ಸು ಕಳೆದುಕೊಂಡವನು 2018ರವರೆಗೆ ಹಿಮದ ಬಂಡಿಯನ್ನು ನಿರಾತಂಕವಾಗಿ ಏರಬಹುದಾಗಿತ್ತು! ರಸ್ತೆಯ ಮೇಲೆ ನಂಬಲಾಗದವನು ಹೆಪ್ಪುಗಟ್ಟಿದ ಕೆರೆಯ ಮೇಲೆ ನಂಬಿಕಸ್ಥನಾಗುವುದು ಹೇಗೆ ಸ್ವಾಮಿ? ಅದು ‘ಆಟ’ವಲ್ಲವೇ, ಅದಕ್ಕೆ. ಆ ವರ್ಷದ ಜನವರಿಯಲ್ಲಿ ಮನೆಯವರೊಂದಿಗೆ ಕೆರೆಯ ಮಂಜುಗಡ್ಡೆಯ ಮೇಲೆ ಮೀನು ಹಿಡಿಯಲು ಬಂದಿದ್ದ ಎಂಟು ವರ್ಷದ ಹುಡುಗನ ಮೇಲೆ ಕುಡಿದವನೊಬ್ಬನ ಬಂಡಿ ನುಗ್ಗಿತು. ಹುಡುಗ ಉಳಿಯಲಿಲ್ಲ. ಓಡಿಸುತ್ತಿದ್ದವನ ಲೈಸೆನ್ಸು ಹಿಂದಿನ ಕುಡಿತದ ಅಪರಾಧಕ್ಕಾಗಿ ಮೊದಲೇ ರದ್ದಾಗಿತ್ತು. 2018ರ ಆಗಸ್ಟ್ 1ರಿಂದ ಕಾನೂನು ಬದಲಾಯಿತು: ಕಾರಾಗಲಿ ದೋಣಿಯಾಗಲಿ ಹಿಮದ ಬಂಡಿಯಾಗಲಿ, ಒಂದರಲ್ಲಿ ಕುಡಿದು ಶಿಕ್ಷೆಯಾದರೆ ಎಲ್ಲಕ್ಕೂ ತಡೆ. ಇಷ್ಟು ಸರಳ ಬುದ್ಧಿ ಬರಲು ಒಂದು ಮಗುವಿನ ಜೀವ ಬೇಕಾಯಿತು.

ಇನ್ನು ವ್ಯಾಪಾರದ ಮಾತು. ಆ ಸೀಮೆಯ ಹಿಮದಾರಿ ಒಂದು ಹೆಂಡದಂಗಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ‘ಪೋಕರ್ ರನ್’ ಎಂಬ ಇಸ್ಪೀಟು ಸವಾರಿಯೊಂದಿದೆ: ಐದು ತಂಗುದಾಣ, ಒಂದೊಂದರಲ್ಲಿ ಒಂದೊಂದು ಎಲೆ, ಕೊನೆಗೆ ಒಳ್ಳೆಯ ಎಲೆ ಕೂಡಿದವನಿಗೆ ಬಹುಮಾನ. ಈ ತಂಗುದಾಣಗಳು ಬಹುಮಟ್ಟಿಗೆ ಬಾರುಗಳೇ. ಐದು ಬಾರುಗಳ ಬಾಗಿಲು ಹಾಯಿಸಿದ ಮೇಲೆ ‘ಕುಡಿದು ಓಡಿಸಬೇಡಿ’ ಎಂದು ಹಲಗೆ ತೂಗುಹಾಕುವುದು ಎಂಥ ಸೋಗು! ಲಾಭ ಗಲ್ಲಾಪೆಟ್ಟಿಗೆಗೆ, ಕೆಟ್ಟ ಹೆಸರು ಸವಾರನಿಗೆ.

ಸಣ್ಣ ವ್ಯಾಪಾರಿಗಳು ಇಲ್ಲಿ ಆಕ್ಷೇಪಿಸಬಹುದು: ಆ ಬಾರಿನವನೂ ನಮ್ಮಂತೆ ಸಣ್ಣವನೇ, ಚಳಿಗಾಲದ ಗಿರಾಕಿಯಿಂದಲೇ ವರ್ಷ ಕಳೆಯುವವನು. ಒಪ್ಪಿದೆವು. ಅವನ ಬಾಗಿಲು ಮುಚ್ಚಿಸಿ ಎಂದು ನಾವು ಹೇಳುತ್ತಿಲ್ಲ. ಚಳಿಯಲ್ಲಿ ಬಂದವನಿಗೆ ಬಿಸಿ ಸೂಪು, ಕಾಫಿ, ರಾತ್ರಿ ಮಲಗಲು ಕೋಣೆ, ಬಂಡಿಗೆ ಪೆಟ್ರೋಲು ಮಾರಿದರೆ ಅವನ ಗಂಟೇನೂ ಕರಗದು. ಹೆಂಡ ಮೈ ಬೆಚ್ಚಗಿಡುತ್ತದೆ ಎಂಬುದಂತೂ ಶುದ್ಧ ಸುಳ್ಳು. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗಾದಂತೆ ತೋರುತ್ತದೆ, ಒಳಗಿನ ಕಾವು ಮಾತ್ರ ಬೇಗನೆ ಹೊರಗೆ ಸೋರಿಹೋಗುತ್ತದೆ. ರಾತ್ರಿಯಲ್ಲಿ ವೇಗವಾಗಿ ಹೋಗುವ ಬಂಡಿ ದೀಪದ ಬೆಳಕು ಮುಟ್ಟುವಷ್ಟು ದೂರದೊಳಗೆ ನಿಲ್ಲಲಾರದು. ಎಚ್ಚರವಿದ್ದವನಿಗೇ ಇದು ಕಷ್ಟ.

ಈ ಎಲ್ಲದರ ದಂಡ ತೆರುವವನು ಕುಡಿಯದ ಸವಾರ. ವಿಸ್ಕಾನ್ಸಿನ್‌ನಲ್ಲಿ ಹಿಮದಾರಿಯ ಬಹುಪಾಲು ರೈತರ ಮತ್ತಿತರರ ಸ್ವಂತ ಜಮೀನಿನ ಮೇಲೆ, ಅವರ ಒಪ್ಪಿಗೆಯಿಂದ ಹಾದುಹೋಗುತ್ತದೆ. ಸುಗ್ಗಿ ಮುಗಿದೊಡನೆ ಸಂಘದವರು ಬಿಟ್ಟಿ ದುಡಿದು ಗುರುತು ನೆಡುತ್ತಾರೆ, ಸೇತುವೆ ರಿಪೇರಿ ಮಾಡುತ್ತಾರೆ. ಒಬ್ಬ ಕುಡುಕ ದಾರಿ ಬಿಟ್ಟು ಹೊಲಕ್ಕೆ ನುಗ್ಗಲಿ, ರೈತ ಗೇಟು ಹಾಕುತ್ತಾನೆ. ಅವರೆಲ್ಲರ ಬೆವರು ಒಂದೇ ರಾತ್ರಿಯಲ್ಲಿ ಮಣ್ಣುಪಾಲು.

ಹಾಗೆಂದು ಮೋಜಿನ ಹೆಸರಿನಲ್ಲಿ ಕುಡಿಯುವವರು ಇವರೊಬ್ಬರೇ ಅಲ್ಲ. ಜೀವ ಹೋಗುವ ದೋಣಿ ಅಪಘಾತಗಳಲ್ಲಿ ತಿಳಿದುಬಂದ ಕಾರಣಗಳ ಪೈಕಿ ಮದ್ಯವೇ ಮೊದಲನೆಯದೆಂದು ಅಮೆರಿಕದ ಕರಾವಳಿ ರಕ್ಷಣಾ ಪಡೆಯ ವರದಿಗಳೇ ಹೇಳುತ್ತ ಬಂದಿವೆ. ಆದರೂ ವಿಹಾರ ನೌಕೆಯ ಧಣಿಯ ಕೈಯ ಗ್ಲಾಸು ಪತ್ರಿಕೆಯ ಚಿತ್ರದಲ್ಲಿ ಅಂದವಾಗಿ ಕಾಣುತ್ತದೆ. ಕಾರ್ಖಾನೆಯಿಂದ ಬಂದು ಬಂಡಿ ಏರಿದವನ ಬೀರು ಮಾತ್ರ ಇಡೀ ಜಾತಿಗೆ ಕಳಂಕ!

ಆದರೆ ಈ ಅನ್ಯಾಯವನ್ನು ಮುಂದೊಡ್ಡಿ ಸವಾರರು ನುಣುಚಿಕೊಳ್ಳುವುದು ಸಲ್ಲದು. ಆ ಎಂಟು ವರ್ಷದ ಹುಡುಗನ ಮನೆಯವರಿಗೆ ‘ನೌಕೆಯವರೂ ಕುಡಿಯುತ್ತಾರೆ’ ಎಂದು ಹೇಳಲಾದೀತೇ? ‘ನಮ್ಮ ಆಟದಲ್ಲಿ ಸರ್ಕಾರ ಕೈ ಹಾಕಬಾರದು’ ಎನ್ನುವವರು ಕೆನಡದ ಕಡೆ ನೋಡಲಿ. ಅಲ್ಲಿನ ದಂಡ ಸಂಹಿತೆಗೆ ಕುಡಿದು ಓಡಿಸುವ ವಿಷಯದಲ್ಲಿ ಕಾರೂ ಹಿಮದ ಬಂಡಿಯೂ ಒಂದೇ. ಸಂಘಗಳಿಗೂ ಕೆಲಸವಿದೆ. ಬರುವ ಚಳಿಗಾಲದ ಸವಾರಿಯ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಆ ಐದು ಬಾರುಗಳ ಹೆಸರು ಹೊಡೆದುಹಾಕಿ, ಇಸ್ಪೀಟಿನ ಎಲೆಗಳನ್ನು ಪೆಟ್ರೋಲ್ ಪಂಪಿನಲ್ಲೋ ಊಟದ ಹೋಟೆಲಿನಲ್ಲೋ ಹಂಚುವ ಏರ್ಪಾಡು ಮಾಡಲಿ.