ನನ್ನ ಫೋಟೊ ಬೋರ್ಡಿನಿಂದ ಇಳಿಸಿ

ಗ್ರಂಥಾಲಯದ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಮೇಲಿನ ಸಾಲಿನ ಮೊದಲ ಫೋಟೊ ನನ್ನದು. ಹೂವಿನ ರಾಶಿಗಳ ನಡುವೆ ಗೋಣಿಚೀಲಕ್ಕೆ ಒರಗಿ ಅಜ್ಜಿಯೊಬ್ಬರು ನಿದ್ದೆ ಹೋಗಿದ್ದಾರೆ. ಅರ್ಧ ಕಟ್ಟಿದ ಕನಕಾಂಬರದ ದಂಡೆ ಇನ್ನೂ ಅವರ ಬೆರಳಿನಲ್ಲೇ ಇದೆ. ಆಗಸ್ಟ್ ತಿಂಗಳ ಛಾಯಾಚಿತ್ರ ಪ್ರವಾಸದ ಅತ್ಯುತ್ತಮ ಚಿತ್ರವೆಂದು ಅದನ್ನು ಆರಿಸಿದ್ದಾರೆ. ನೋಡಿದವರೆಲ್ಲ ‘ಸೂಪರ್’ ಅಂದರು. ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಅದನ್ನು ಅಲ್ಲಿಂದ ಇಳಿಸಿ ಎಂದು ಕೇಳುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಪ್ರವಾಸಕ್ಕೆ ಬಾರದವರಿಗಾಗಿ ಆ ದಿನದ ಕತೆ ಸ್ವಲ್ಪ ಹೇಳಬೇಕು. ನಮ್ಮೂರಿನಿಂದ ಬೆಳಗಿನ ಮೊದಲ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ಕಾಲೇಜಿನ ಎರಡು ಕ್ಯಾಮೆರಾ ಬಿಟ್ಟರೆ ಉಳಿದವರ ಕೈಯಲ್ಲಿದ್ದದ್ದು ಮನೆಯಿಂದ ಕೇಳಿ ತಂದ ಮೊಬೈಲು. ಮೆಜೆಸ್ಟಿಕ್‌ನಿಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಅಲ್ಲಿಂದ ಕೆ.ಆರ್. ಮಾರುಕಟ್ಟೆಯವರೆಗೆ ನಡೆದೆವು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂದು ಒಂದೊಂದು ಕಸುಬಿನ ಹೆಸರಿನಲ್ಲಿ ಬೆಳೆದ ಹಳೆಯ ಊರು ಇದು. ಜಾಮಿಯಾ ಮಸೀದಿಯ ಬಿಳಿ ಮಿನಾರುಗಳನ್ನು ನೋಡಿಕೊಂಡು ಸ್ವಲ್ಪ ದೂರ ನಡೆದರೆ ಕೋಟೆ ವೆಂಕಟರಮಣ ದೇವಸ್ಥಾನ, ಅದರ ಪಕ್ಕದಲ್ಲೇ 1791ರಲ್ಲಿ ಪೂರ್ತಿಯಾದ ಟಿಪ್ಪುವಿನ ಬೇಸಿಗೆ ಅರಮನೆ. ತೇಗದ ಕಂಬಗಳ ಮೇಲೆ ಬಿದ್ದ ಬೆಳಕನ್ನು ತೋರಿಸಿ ಭೌತಶಾಸ್ತ್ರದ ಸರ್ ಅಲ್ಲೇ ಅರ್ಧ ಗಂಟೆ ಪಾಠ ಮಾಡಿದರು.

ಹೂವಿನ ಮಾರುಕಟ್ಟೆಯಲ್ಲಿ ಫೋಟೊ ತೆಗೆಯುವವರೆಲ್ಲ ಮೊದಲ ಮಹಡಿಗೆ ಹೋಗುತ್ತಾರೆ. ಅಲ್ಲಿಂದ ಬಗ್ಗಿದರೆ ಕೆಳಗೆ ಚೆಂಡುಹೂ, ಸೇವಂತಿಗೆ, ಸುಗಂಧರಾಜದ ರಾಶಿಗಳು ಬಣ್ಣದ ಚೌಕಗಳಂತೆ ಕಾಣುತ್ತವೆ. ನಾನೂ ಹೋದೆ. ಜೂಮ್ ಮಾಡಿದೆ. ಅಜ್ಜಿ ಸಿಕ್ಕರು. ನಾಲ್ಕು ಸಲ ಒತ್ತಿದೆ. ಅವರಿಗೆ ಗೊತ್ತೇ ಆಗಲಿಲ್ಲ. ಆಗ ಅದೇ ನನ್ನ ಜಾಣತನ ಅನ್ನಿಸಿತ್ತು.

ಮಧ್ಯಾಹ್ನ ಮತ್ತೆ ಮೆಟ್ರೊ ಹತ್ತಿ ಎರಡು ನಿಲ್ದಾಣ ದಾಟಿ ಲಾಲ್‌ಬಾಗಿಗೆ ಬಂದೆವು. ಹೈದರಾಲಿ 1760ರಲ್ಲಿ ಶುರುಮಾಡಿದ, ಟಿಪ್ಪು ಬೇರೆ ದೇಶಗಳಿಂದ ಗಿಡ ತರಿಸಿ ಬೆಳೆಸಿದ ತೋಟ. ಅದರೊಳಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಅದಕ್ಕೆ ಮಾದರಿ. 2025ರ ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನ ಕಿತ್ತೂರು ರಾಣಿ ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣರ ಹೆಸರಿನಲ್ಲಿತ್ತು. ಮೇಲೆ ಆಗಸ್ಟಿನ ಮೋಡ, ಅದರ ಕೆಳಗೆ ಗಾಜು. ಒಳಗಿನ ಬೆಳಕು ಎಷ್ಟು ಮೆತ್ತಗಿತ್ತೆಂದರೆ ಯಾವ ಹೂವಿನ ಮೇಲೂ ಗಟ್ಟಿ ನೆರಳು ಬೀಳುತ್ತಿರಲಿಲ್ಲ. ನಾವು ನಾಲ್ಕು ಜನ ಹುಡುಗಿಯರು ಯೂನಿಫಾರ್ಮಿನಲ್ಲಿ, ತಲೆಗೆ ಸ್ಕಾರ್ಫ್ ಹಾಕಿಕೊಂಡು, ಒಂದು ಕಂಬದ ಹತ್ತಿರ ನಿಂತು ಹೂವಿನ ಸಾಲು ನೋಡುತ್ತಿದ್ದೆವು. ದೊಡ್ಡ ಲೆನ್ಸಿನ ಕ್ಯಾಮೆರಾ ಹಿಡಿದ ಒಬ್ಬರು ನಮ್ಮ ಮುಂದೆ ಬಂದು ಮಂಡಿಯೂರಿ ಐದಾರು ಸಲ ಕ್ಲಿಕ್ ಮಾಡಿದರು. ನಗುತ್ತಾ ಹೆಬ್ಬೆರಳು ಎತ್ತಿ ತೋರಿಸಿ ಹೊರಟೇಹೋದರು. ಅವರು ಕೆಟ್ಟವರೇನೂ ಆಗಿರಲಿಕ್ಕಿಲ್ಲ. ಚಿತ್ರ ಚೆನ್ನಾಗಿ ಬಂದಿರಬೇಕು. ಆದರೆ ನನ್ನ ಗೆಳತಿ ಸ್ಕಾರ್ಫನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ನಾವು ಆ ಜಾಗದಲ್ಲಿ ನಿಲ್ಲಲಿಲ್ಲ.

ಸಂಜೆಯ ರೈಲಿನಲ್ಲಿ ದಿನದ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಬಂದೆ. ಅಜ್ಜಿಯ ಚಿತ್ರ ಬಂದಾಗ ಬೆರಳು ನಿಂತಿತು. ಗಾಜಿನ ಮನೆಯಲ್ಲಿ ಆ ಮನುಷ್ಯ ನಮಗೆ ಮಾಡಿದ್ದನ್ನೇ ಬೆಳಿಗ್ಗೆ ನಾನು ಇವರಿಗೆ ಮಾಡಿದ್ದೆ. ನಾವಾದರೂ ಎಚ್ಚರವಿದ್ದೆವು, ಪಕ್ಕಕ್ಕೆ ಸರಿಯಬಹುದಿತ್ತು. ಅಜ್ಜಿಗೆ ಅಷ್ಟೂ ಅವಕಾಶ ಇರಲಿಲ್ಲ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಎಂದು ಕೆಲವರು ಕೇಳಿದರು. ಕಾರಣ ನಮ್ಮ ಮನೆಯಲ್ಲೇ ಇದೆ. 2022ರ ಫೆಬ್ರುವರಿಯಲ್ಲಿ ನಾನು ಎಂಟನೇ ತರಗತಿ, ನಮ್ಮ ಆಪಾ ಬೇರೊಂದು ಕಾಲೇಜಿನಲ್ಲಿ ದ್ವಿತೀಯ ಪಿಯುಸಿ. ಹೈಕೋರ್ಟಿನ ಮಧ್ಯಂತರ ಆದೇಶ ಬಂದು ತರಗತಿಗಳು ಮತ್ತೆ ಶುರುವಾದ ದಿನಗಳು. ಗೇಟಿನ ಹೊರಗೆ ಆಪಾ ಸ್ಕಾರ್ಫ್ ತೆಗೆಯುವಾಗ ಒಂದು ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಬಂತು. ಕೆಲವೇ ಸೆಕೆಂಡಿನ ಆ ತುಣುಕು ಸಂಜೆಯೊಳಗೆ ನೆಂಟರಿಷ್ಟರ ಫೋನಿನಲ್ಲೆಲ್ಲ ಓಡಾಡಿತು. ಬೈದವರೂ ಅದನ್ನೇ ಹಾಕಿದರು, ಮರುಗಿದವರೂ ಅದನ್ನೇ ಹಾಕಿದರು. “ನನ್ನ ಪರವಾಗಿ ಹಾಕಿದವರೂ ನನ್ನನ್ನು ಒಂದು ಮಾತು ಕೇಳಲಿಲ್ಲ” ಎಂದು ಆಪಾ ಈಗಲೂ ಹೇಳುತ್ತಾಳೆ. ಅವಳಿಗೆ ಈಗ ಮದುವೆ ಮನೆಯಲ್ಲಿ ಕ್ಯಾಮೆರಾ ಕಂಡರೂ ಮೈ ಬಿಗಿಯಾಗುತ್ತದೆ.

ನಮ್ಮ ಕಾಲೇಜಿನ ಅನೇಕ ಮನೆಗಳಲ್ಲಿ ಇಂಥದ್ದೊಂದು ನೆನಪು ಇರಬಹುದು. ಹಾಗಿರುವಾಗ ನಾವೇ ಕ್ಯಾಮೆರಾದ ಹಿಂದೆ ನಿಂತಾಗ ಅದನ್ನು ಮರೆಯಬಾರದು ಎಂಬುದು ನನ್ನ ವಾದ.

ಇದಕ್ಕೆ ಬಂದ ಆಕ್ಷೇಪಗಳೂ ಸುಳ್ಳಲ್ಲ. ಕೇಳಿದರೆ ಜನ ಶಿಸ್ತಾಗಿ ನಿಂತುಬಿಡುತ್ತಾರೆ, ಚಿತ್ರ ಪಾಸ್‌ಪೋರ್ಟ್ ಫೋಟೊ ಆಗುತ್ತದೆ ಎನ್ನುತ್ತಾರೆ. ನಿಜ. ಅದೇ ಮಾರುಕಟ್ಟೆಯಲ್ಲಿ ನನ್ನ ಗೆಳತಿ ಗುಲಾಬಿ ಮಾರುವ ಅಣ್ಣನೊಬ್ಬರನ್ನು ಕೇಳಿದಳು. ಅವರು ಟೀ ಲೋಟ ಬಚ್ಚಿಟ್ಟು, ಕಾಲರ್ ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ನಿಂತರು! ಅವಳು ಅದನ್ನೂ ತೆಗೆದಳು, ತೋರಿಸಿದಳು, ಆದರೆ ಅಲ್ಲಿಂದ ಹೋಗಲಿಲ್ಲ. ಐದು ನಿಮಿಷದಲ್ಲಿ ಗಿರಾಕಿ ಬಂದರು, ಅಣ್ಣ ತಕ್ಕಡಿ ಎತ್ತಿದರು, ಇವಳನ್ನು ಮರೆತೇಬಿಟ್ಟರು. ಬೋರ್ಡಿನ ಎರಡನೇ ಸಾಲಿನಲ್ಲಿರುವ ಚಿತ್ರ ಅದು. ಹೋಗಿ ನೋಡಿ, ನನ್ನದಕ್ಕಿಂತ ಅದರಲ್ಲಿ ಜೀವ ಹೆಚ್ಚು.

ಎಲ್ಲದಕ್ಕೂ ಅನುಮತಿ ಕೇಳುತ್ತಾ ಕೂತರೆ ಅನ್ಯಾಯ ನಡೆಯುವಾಗ ಸಾಕ್ಷಿ ಉಳಿಯುವುದು ಹೇಗೆ ಎಂದು ಸರ್ ಕೇಳಿದರು. ಅದೂ ಸರಿ. ಅಧಿಕಾರ ಇರುವವರು ತಪ್ಪು ಮಾಡುವಾಗ ತೆಗೆದ ಚಿತ್ರಕ್ಕೆ ಅವರ ಒಪ್ಪಿಗೆ ಬೇಕಾಗಿಲ್ಲ. ಆದರೆ ನಿದ್ದೆ ಹೋಗಿದ್ದ ಅಜ್ಜಿ ಯಾರಿಗೂ ಅನ್ಯಾಯ ಮಾಡುತ್ತಿರಲಿಲ್ಲ. ಮಹಡಿಯಿಂದ ಇಡೀ ಮಾರುಕಟ್ಟೆಯನ್ನು ತೆಗೆದರೆ ಅದು ಜಾಗದ ಚಿತ್ರ. ಒಬ್ಬರ ಮುಖದವರೆಗೆ ಜೂಮ್ ಮಾಡಿದ ಮೇಲೆ ಅದು ಆ ಒಬ್ಬರದು. ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ಸಲಾಂ ಹೇಳು, ಒಳಗಿಂದ ಕರೆದರೆ ಮಾತ್ರ ಹೋಗು ಎಂದು ನಮಗೆಲ್ಲ ಚಿಕ್ಕಂದಿನಿಂದ ಕಲಿಸಿದ್ದಾರೆ. ಮಾರುಕಟ್ಟೆಯಲ್ಲಿ ಕೂತವರಿಗೆ ಬಾಗಿಲು ಇರುವುದಿಲ್ಲ. ಅದಕ್ಕೇ ನಾವು ಇನ್ನೂ ಸ್ವಲ್ಪ ಹಿಂದೆ ನಿಲ್ಲಬೇಕು.

ನಮ್ಮ ಛಾಯಾಚಿತ್ರ ಸಂಘಕ್ಕೆ ನನ್ನ ವಿನಂತಿ ಮೂರೇ. ಒಬ್ಬರ ಮುಖ ಗುರುತು ಸಿಗುವ ಹಾಗೆ ತೆಗೆಯುವ ಮೊದಲು ಕೇಳೋಣ. ಭಾಷೆ ಬರದಿದ್ದರೆ ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಿದರೂ ಸಾಕು. ನಿದ್ದೆಯಲ್ಲಿ, ಅಳುವಿನಲ್ಲಿ, ಪ್ರಾರ್ಥನೆಯಲ್ಲಿ ಇರುವವರನ್ನು ಬಿಟ್ಟುಬಿಡೋಣ. ಬೋರ್ಡಿಗೆ ಹಾಕುವ ಚಿತ್ರದ ಒಂದು ಪ್ರತಿಯನ್ನು ಸಾಧ್ಯವಾದರೆ ಅದರಲ್ಲಿರುವವರಿಗೆ ತಲುಪಿಸೋಣ.

ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಸಂಘ ಮತ್ತೆ ಬೆಂಗಳೂರಿಗೆ ಹೋಗಲಿದೆ. ಅಜ್ಜಿಯ ಚಿತ್ರದ ಒಂದು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೇನೆ. ಆ ಸಲ ಮಹಡಿ ಹತ್ತುವುದಿಲ್ಲ, ನೇರ ಅವರ ಹತ್ತಿರ ಹೋಗುತ್ತೇನೆ. ನಿಮ್ಮನ್ನು ಕೇಳದೆ ತೆಗೆದೆ ಅಜ್ಜಿ, ತಪ್ಪಾಯಿತು ಎಂದು ಹೇಳಿ ಅದನ್ನು ಅವರ ಕೈಗೆ ಕೊಡುತ್ತೇನೆ. ಇರಲಿ ಬಿಡಮ್ಮ ಅಂದರೆ ಫೋಟೊವನ್ನು ಮತ್ತೆ ಬೋರ್ಡಿಗೆ ಹಾಕಿ. ಬೇಡ ಅಂದರೆ ಅಲ್ಲೇ ಅವರೆದುರಿಗೇ ಮೊಬೈಲಿನಿಂದಲೂ ಅಳಿಸುತ್ತೇನೆ. ಅಲ್ಲಿಯವರೆಗೆ ಮೇಲಿನ ಸಾಲಿನ ಮೊದಲ ಜಾಗ ಖಾಲಿ ಇರಲಿ.