ಯಾತ್ರಿಕನಿಗೆ ಯಾವ ಉಡುಪು?

ಜಾನ್ ಬನಿಯನನು ಬೆಡ್‌ಫರ್ಡಿನ ಸೆರೆಮನೆಯಲ್ಲಿ ಬರೆಯತೊಡಗಿ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆಯು ನಮ್ಮ ಎಷ್ಟೋ ಕ್ರಿಸ್ತೀಯ ಮನೆಗಳಲ್ಲಿ ಸತ್ಯವೇದದ ಮಗ್ಗುಲಲ್ಲಿಯೇ ಇರುತ್ತಿದ್ದ ಗ್ರಂಥವು. ಅದರೊಳಗಿನ ಲೋಕವು ಯಾವ ಭೂಪಟದಲ್ಲಿಯೂ ಇಲ್ಲ. ಆದುದರಿಂದ ಪ್ರತಿಯೊಬ್ಬ ಚಿತ್ರಕಾರನೂ ಅದನ್ನು ಹೊಸತಾಗಿ ಕಲ್ಪಿಸಬೇಕಾಯಿತು. ವಿಲಿಯಂ ಬ್ಲೇಕನು ತನ್ನ ಕೊನೆಯ ವರ್ಷಗಳಲ್ಲಿ ಬರೆದ 28 ಚಿತ್ರಗಳಲ್ಲಿ ಅದು ಜ್ವಾಲೆಯೂ ಬೆಳಕೂ ತುಂಬಿದ ಸ್ವಪ್ನ. ಡಿಕೆನ್ಸನ ಕಾದಂಬರಿಗಳಿಗೂ ಚಿತ್ರ ಬರೆದ ಫ್ರೆಡ್ ಬಾರ್ನಾರ್ಡನ ಕೈಯಲ್ಲಿ ಅವೇ ಪಾತ್ರಗಳು ಬೀದಿಯಲ್ಲಿ ನಿತ್ಯವೂ ಎದುರಾಗುವ ಮುಖಗಳಾದವು. 1871ರಲ್ಲಿ ಕ್ಯಾಂಟನ್ ನಗರದಲ್ಲಿ ಅಚ್ಚಾದ ಪ್ರತಿಯಲ್ಲಿಯಾದರೋ ಯಾತ್ರಿಕನು ಚೀನೀಯನಂತೆಯೇ ಉಟ್ಟು ನಡೆಯುತ್ತಾನೆ. ನನಗೆ ಎಲ್ಲಕ್ಕಿಂತ ಹಿಡಿಸಿದುದು ಇದೇ.

ನಮ್ಮ ಹುಡುಗಿಯರು ಮಾತ್ರ ಯಾತ್ರಿಕನಿಗೆ ಬೂಟ್ಸನ್ನೂ ಟೊಪ್ಪಿಗೆಯನ್ನೂ ತೊಡಿಸದೆ ಬಿಡರು. ಇದು ಬರಿಯ ಉಡುಪಿನ ಮಾತಲ್ಲ. ಪಾಪವನ್ನು ಪರದೇಶದ ವೇಷದಲ್ಲಿಯೇ ಕಂಡ ಮಗುವು, ಅದು ತನ್ನೂರಿನದಲ್ಲವೆಂದು ನೆಮ್ಮದಿಯಿಂದ ಪುಟ ತಿರುವಿಬಿಡುತ್ತದೆ.

ನಿರಾಶೆಯ ಕೆಸರಿಗೆ ಆಟಿಯ ಮಳೆಯ ಗದ್ದೆಯು ಸಾಲದೇ? ಕಷ್ಟಗಿರಿಗೆ ಬೆಳ್ತಂಗಡಿಯ ಗಡಾಯಿಕಲ್ಲು ಇದೆ. 1794ರಲ್ಲಿ ಟಿಪ್ಪುವು ಕೋಟೆ ಕಟ್ಟಿಸಿದ ಆ ಬಂಡೆಯ ಮೆಟ್ಟಿಲುಗಳನ್ನು ಏರಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೀನಿನ ಪೊರೆ, ಕರಡಿಯ ಕಾಲು, ಸಿಂಹದ ಬಾಯಿಯುಳ್ಳ ಅಪೊಲ್ಲುವೋನನಿಗಾಗಿಯೂ ದೂರ ಹೋಗಬೇಡ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ತಳಗಲ್ಲಿನ ಮೇಲೆ, ಜಿರಾಫೆಯೂ ಚೀನದೇಶದ ಡ್ರ್ಯಾಗನ್ನೂ ಕೆತ್ತಲ್ಪಟ್ಟಿವೆ. ಈ ನಾಡಿನಲ್ಲಿ ಹುಟ್ಟದ ಮೃಗಗಳಿಗೆ ನಮ್ಮ ಶಿಲ್ಪಿಯು ಅಂಜದೆ ರೂಪ ಕೊಟ್ಟನು! ತೆಂಕುತಿಟ್ಟಿನ ಬಣ್ಣದ ವೇಷವೂ ಇದೆ; ಅಕ್ಕಿಹಿಟ್ಟಿನ ಚುಟ್ಟಿಯಿಟ್ಟ ಆ ಮುಖವು ದೊಂದಿಯ ಬೆಳಕಿನಲ್ಲಿ ಆರ್ಭಟಿಸಿದರೆ ಯಾತ್ರಿಕನ ಎದೆ ನಡುಗುವುದು ಸಹಜ.

ಒಂದು ಮೇರೆಯನ್ನು ಮಾತ್ರ ಮೀರಬಾರದು. ದೈವಗಳ ಮುಡಿಯನ್ನೂ ಅಣಿಯನ್ನೂ ಆ ದುಷ್ಟನಿಗೆ ತೊಡಿಸಕೂಡದು. ಅದು ನೆರೆಯವರ ಪೂಜೆ. ಅವರ ಮಕ್ಕಳೂ ನಮ್ಮ ಬೆಂಚುಗಳಲ್ಲಿಯೇ ಕುಳಿತು ಕಲಿತವರು. ಮಾಯಾಪುರಿಯ ಸಂತೆಯನ್ನು ಊರ ಜಾತ್ರೆಯಾಗಿ ಬರೆಯುವುದೂ ಅನ್ಯಾಯವೇ. ಚಿನ್ನದಂಗಡಿಗಳ ಸಾಲನ್ನು ಬರೆಯಲಿ. ಅಲ್ಲಿ ಎಲ್ಲ ಮತದವರೂ ನೆರೆಯುತ್ತೇವೆ.

ಯಾತ್ರೆಯ ಕಡೆಯ ಹೊಳೆಯು ಬಂಟ್ವಾಳದ ನೇತ್ರಾವತಿಯಾಗಲಿ. 1923ರ ನೆರೆಯ ಸುದ್ದಿಯನ್ನು ಅಜ್ಜಿಯರ ಬಾಯಿಂದ ಕೇಳಿದವರಿಗೆ ಆ ನೀರಿನ ಭಯವು ತಿಳಿಯದ್ದಲ್ಲ. ಆಚೆ ದಡದ ನಗರವು ಹೇಗಿರಬೇಕೆಂಬುದನ್ನು ಬಣ್ಣದ ಪೆಟ್ಟಿಗೆಯೊಡನೆ ಹುಡುಗಿಯರಿಗೇ ಬಿಟ್ಟುಕೊಡೋಣ.