ಮಗುವಿನ ಮಾತು ಬಲ್ಲ ಗುರು

ಗಡಿ ಭಾಗದ ನಮ್ಮ ನಿಲಂಗಾ ತಾಲೂಕಿನ ಕಾಸಾರಶಿರಸಿ ಸುತ್ತಿನ ಊರುಗಳಲ್ಲಿ ಜೂನ್ ನಡುವೆ ಒಂದನೇ ಇಯತ್ತೆಗೆ ಹೆಸರು ಹಚ್ಚುವ ಮಕ್ಕಳಲ್ಲಿ ಎಷ್ಟೋ ಮಂದಿ ಅವ್ವ, ಅಜ್ಜಿಯ ಜೋಡಿ ಕನ್ನಡವನ್ನೇ ಆಡಿ ಬೆಳೆದವರು. ಜಿಲ್ಲಾ ಪರಿಷತ್ ಶಾಲೆಯ ಪುಸ್ತಕ ಮರಾಠಿ, ಗುರುಜಿ ಆಡುವುದೂ ಮರಾಠಿ. ಉಳ್ಳವರ ಮನೆಯಲ್ಲಿ ಬಿಡಿಸಿ ಹೇಳಿಕೊಡಲು ಓದಿದ ಅಕ್ಕನೋ ಅಣ್ಣನೋ ಇರುತ್ತಾರೆ. ದೀಪಾವಳಿ ಬರುವ ಹೊತ್ತಿಗೆ ಕಬ್ಬು ಕಡಿಯಲು ಗಂಟುಮೂಟೆ ಕಟ್ಟುವ ಮನೆಯ ಕೂಸಿಗೆ ಯಾರಿದ್ದಾರೆ? ಬಡವರ ಮಕ್ಕಳಿಗೆಂದೇ ಶಾಲೆ ಕಟ್ಟಿದ ಕ್ಯಾಥೊಲಿಕ್ ಸಂಘಗಳ ಚರಿತ್ರೆಯನ್ನು ನಾನು ಈ ಪ್ರಶ್ನೆ ಇಟ್ಟುಕೊಂಡೇ ಓದುತ್ತೇನೆ.

ನಮ್ಮ ನಾಡಿನದೇ ಒಂದಿದೆ. 1921ರ ಜುಲೈ 16ರಂದು ಮಂಗಳೂರಿನ ಬೆಂದೂರಿನಲ್ಲಿ ಪಾದ್ರಿ ರೇಮಂಡ್ ಮಸ್ಕರೇನ್ಹಸ್ ಅವರು ಅಲ್ಲಿಯವರೇ ಆದ ನಾಲ್ವರು ತರುಣಿಯರೊಂದಿಗೆ ಬೆಥನಿ ಭಗಿನಿಯರ ಸಂಘ ಆರಂಭಿಸಿದರು. ಪಟ್ಟಣಕ್ಕೆ ಹೆಣ್ಣುಮಕ್ಕಳ ಶಾಲೆ ಅದಕ್ಕೂ ಮೊದಲೇ ಬಂದಿತ್ತು. ಫ್ರಾನ್ಸಿನಲ್ಲಿ ಹುಟ್ಟಿ 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಂಘದವರು ಅದೇ 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನೂ ತೆರೆದರು. ಹಳ್ಳಿಯ ಬಡ ಹುಡುಗಿಗೆ ಮಾತ್ರ ಪಟ್ಟಣ ದೂರವೇ ಇತ್ತು. ಹುಡುಗಿ ಪಟ್ಟಣಕ್ಕೆ ಬರಲಾಗದಿದ್ದರೆ ಕಲಿಸುವವಳೇ ಹಳ್ಳಿಗೆ ಹೋಗಬೇಕು ಎಂಬುದು ಬೆಥನಿಯ ದಾರಿಯಾಯಿತು. ಕರಾವಳಿಯ ಆ ಹುಡುಗಿಯರ ಮನೆಮಾತು ಕೊಂಕಣಿ ಇಲ್ಲವೆ ತುಳು, ಶಾಲೆಯ ಓದು ಕನ್ನಡ. ಪುಸ್ತಕ ಬೇರೆ ಭಾಷೆಯದಾದರೂ ಎದುರಿಗೆ ನಿಂತ ಸಿಸ್ಟರ್ ಆ ಸೀಮೆಯ ಮನೆಗಳಿಂದಲೇ ಬಂದವರು, ಮಗು ಮನೆಮಾತಿನಲ್ಲಿ ಕೇಳಿದ್ದು ಅವರಿಗೆ ತಿಳಿಯುತ್ತಿತ್ತು. ಗಡಿಯ ಊರಲ್ಲಿ ಕುಳಿತು ನೋಡುವ ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಈ ದಾರಿಯ ಹಿರಿಯರು ಯುರೋಪಿನಲ್ಲಿದ್ದಾರೆ. ಸ್ಪೇನ್ ದೇಶದ ಜೋಸೆಫ್ ಕಲಸಾಂಜ್ 1597ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರ ಚರ್ಚಿನಲ್ಲಿ ಪುಕ್ಕಟೆ ಶಾಲೆ ತೆರೆದರು. ಯಹೂದಿ ಮಕ್ಕಳನ್ನೂ ಸೇರಿಸಿಕೊಂಡರು. ಬಡವರ ಮಕ್ಕಳು ಓದಿಬಿಟ್ಟರೆ ಕೆಳಗಿನ ಕೆಲಸಕ್ಕೆ ಆಳು ಎಲ್ಲಿಂದ ತರುವುದು ಎಂದು ಅಲ್ಲಿನ ಉಳ್ಳವರು ತಕರಾರು ತೆಗೆದರಂತೆ. ನಮ್ಮ ಹೊಲಗಳ ಬದುವಿನ ಮೇಲೂ ಈ ಮಾತು ಎಷ್ಟು ಸಲ ಬಂದು ಹೋಗಿಲ್ಲ!

ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರ ಬಗ್ಗೆ ತುಸು ಹೆಚ್ಚು ಹೇಳಬೇಕು. 1651ರಲ್ಲಿ ರ‍್ಹೇಮ್ಸ್ ಪಟ್ಟಣದ ಸಿರಿವಂತರ ಮನೆಯಲ್ಲಿ ಹುಟ್ಟಿದವರು. ಬಡ ಮಾಸ್ತರರನ್ನು ಮನೆಗೆ ಕರೆದು ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಚರ್ಚಿನ ದೊಡ್ಡ ಆದಾಯದ ಹುದ್ದೆ ಬಿಟ್ಟರು, ಬರಗಾಲದಲ್ಲಿ ಆಸ್ತಿಯನ್ನು ಹಸಿದವರಿಗೆ ಹಂಚಿದರು. ಮಕ್ಕಳಿಗೆ ಮೊದಲು ಲ್ಯಾಟಿನ್ ಓದಿಸುವುದು ಆಗಿನ ರೂಢಿ. ಅವರು ಅದನ್ನು ಮುರಿದು, ಮಕ್ಕಳು ಆಡುವ ಫ್ರೆಂಚಿನಲ್ಲೇ ಓದು ಶುರುಮಾಡಿದರು. ಬಡವರ ಮಕ್ಕಳು ಶಾಲೆಯಲ್ಲಿ ಇರುವುದೇ ಕೆಲವು ವರ್ಷ, ಅದನ್ನೂ ತಿಳಿಯದ ಭಾಷೆಗೆ ಕಳೆದರೆ ಎರಡನ್ನೂ ಓದಲು ಬಾರದೆ ಹೊರಬೀಳುತ್ತಾರೆ ಎಂಬುದು ಅವರ ವಾದ. ಮುನ್ನೂರು ವರ್ಷ ಹಿಂದಿನ ಈ ವಾದ ನಮ್ಮ ತಾಲೂಕಿಗೆಂದೇ ಬರೆದಂತಿದೆ.

ಪ್ಯಾರಿಸ್ಸಿನಲ್ಲಿ ಹಣ ಪಡೆದು ಬರಹ ಕಲಿಸುತ್ತಿದ್ದವರು ಅವರ ಮೇಲೆ ಕೋರ್ಟಿಗೆ ಹೋದರು. ಫೀ ಕೊಡಬಲ್ಲವರ ಮಕ್ಕಳೂ ಈ ಪುಕ್ಕಟೆ ಶಾಲೆಗೆ ಹೋಗುತ್ತಿದ್ದಾರೆ ಎಂಬುದು ದೂರು. ಲಾ ಸಾಲ್ ಬಾಗಿಲಲ್ಲಿ ನಿಂತು ಯಾರು ಬಡವರು ಎಂದು ವಿಚಾರಿಸಲು ಒಪ್ಪಲಿಲ್ಲ. ಸ್ಕಾಲರ್‌ಶಿಪ್ಪಿನ ಉತ್ಪನ್ನ ದಾಖಲೆಗಾಗಿ ತಹಸೀಲ ಕಚೇರಿಯ ಮೆಟ್ಟಿಲಲ್ಲಿ ಕೂಲಿ ಕಳೆದುಕೊಂಡು ನಿಲ್ಲುವ ತಂದೆಯನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಇಂದು ದೊಡ್ಡ ಊರುಗಳಲ್ಲಿ ಇಂಥ ಸಂಘಗಳ ಎಷ್ಟೋ ಶಾಲೆಗಳಿಗೆ ಉಳ್ಳವರೇ ಸೀಟಿಗಾಗಿ ಪಾಳಿ ಹಚ್ಚುತ್ತಾರೆ, ಮಗು ಆಡುವ ಮಾತಿಗೆ ತರಗತಿಯಲ್ಲಿ ಜಾಗವಿಲ್ಲ. ಸ್ಥಾಪಕರ ದಾರಿಯಿಂದ ಇದು ದೂರ ಸರಿದದ್ದೇ ಹೌದು, ಅವರ ಮೇಲೆ ಗೌರವ ಇರುವುದರಿಂದಲೇ ಹೇಳುತ್ತೇನೆ.

ಮಗುವಿನ ಮಾತು ತಿಳಿದು ಕಲಿಸುವ ಗುಣ ಈ ಸಂಘಗಳವರೊಬ್ಬರ ಸೊತ್ತೇನೂ ಅಲ್ಲ. 1956ರವರೆಗೆ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯಲ್ಲಿದ್ದವು. ನಿಜಾಮರ ಕಾಲದಲ್ಲಿ ಉರ್ದುವಿನದೇ ಆಡಳಿತ. ಆಗ ಭಾಲ್ಕಿ ಹಿರೇಮಠದ ಡಾ. ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1999ರಲ್ಲಿ ಲಿಂಗೈಕ್ಯರಾದ ಅವರನ್ನು ಕಣ್ಣಾರೆ ಕಂಡವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕಾವಿ ತೊಟ್ಟ ಅವರೂ ಕರಾವಳಿಯ ಸಿಸ್ಟರುಗಳೂ ಒಂದೇ ಕೆಲಸ ಮಾಡಿದರೆಂದು ನಾನು ನಂಬುತ್ತೇನೆ.

ಮರಾಠಿ ನಮಗೆ ಹೊರಗಿನದಲ್ಲ. ಸಂತೆ, ಕೋರ್ಟು, ನೌಕರಿ ಎಲ್ಲಕ್ಕೂ ಅದು ಬೇಕು, ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಬೇಕು. ಚೆನ್ನಾಗಿ ಕಲಿಯಬೇಕಾದರೆ ಮೊದಲ ಎರಡು ವರ್ಷ ಮಗು ಕನ್ನಡದಲ್ಲಿ ಕೇಳಿದ್ದನ್ನು ತಿಳಿದು ಮರಾಠಿಗೆ ಕೈಹಿಡಿದು ದಾಟಿಸುವ ಗುರುಜಿ ಇಲ್ಲವೆ ಬಾಯಾರು ಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಎರಡೂ ಭಾಷೆ ಬಲ್ಲ, ಕಲಿತ ತರುಣ ತರುಣಿಯರಿಗೆ ಕೊರತೆಯಿಲ್ಲ. ಕನ್ನಡ ಮನೆಮಾತಿನ ಮಕ್ಕಳಿರುವ ಪ್ರತಿ ಶಾಲೆಯ ಒಂದನೇ ಇಯತ್ತೆಗೆ ಅಂಥ ಒಬ್ಬರನ್ನು ಜಿಲ್ಲಾ ಪರಿಷತ್ತು ಕೊಡಲಿ. ಊರಿನ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಕೂಡುವ ತಂದೆತಾಯಂದಿರು ಮುಂದಿನ ಸಭೆಯಲ್ಲೇ ಇದನ್ನು ಠರಾವು ಮಾಡಿ ಲೇಖಿಯಾಗಿ ಕಳಿಸಲಿ.